ತಾಯಿಗೆ ಹೆಪಟೈಟಿಸ್ ಬಿ ಇದ್ದರೆ: ಕೂಸಿನ ಮೊದಲ 24 ಗಂಟೆ



ಬಸುರಿ ಹೆಣ್ಣುಮಗಳು ಮೊದಲ ಸಲ ತಪಾಸಣೆಗೆ ಬಂದಾಗ ರಕ್ತ ತೆಗೆದು ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ ಮುಂತಾದ ಪರೀಕ್ಷೆ ಮಾಡುತ್ತೇವೆ. ಅದೇ ರಕ್ತದಲ್ಲಿ ‘ಎಚ್‌ಬಿಎಸ್‌ಎಜಿ’ ಎಂಬ ಇನ್ನೊಂದು ಪರೀಕ್ಷೆಯೂ ಆಗುತ್ತದೆ. ಹೆಪಟೈಟಿಸ್ ಬಿ ಎಂಬ ವೈರಾಣು ದೇಹದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಈ ಪರೀಕ್ಷೆ ಹೇಳುತ್ತದೆ. ಫಲಿತಾಂಶ ‘ಪಾಸಿಟಿವ್’ ಎಂದು ಬಂದಾಗ ತಾಯಂದಿರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಒಂದೇ: “ಸಿಸ್ಟರ್, ನನ್ನ ಕೂಸಿಗೂ ಬರ್ತದೇನ್ರಿ?”

ಏನೂ ಮಾಡದೆ ಬಿಟ್ಟರೆ ಬರುವ ಸಂಭವ ಬಹಳ. ಹುಟ್ಟಿದ ಮೊದಲ ದಿನವೇ ಮಾಡಬೇಕಾದ್ದನ್ನು ಮಾಡಿದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಮೊದಲ ದಿನಕ್ಕೇ ಇಷ್ಟು ಮಹತ್ವ ಏಕೆ? ಕೂಸಿನ ರೋಗನಿರೋಧಕ ಶಕ್ತಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಇದು ಅರ್ಥವಾಗುತ್ತದೆ. ಅದನ್ನೇ ಇಲ್ಲಿ ಸರಳವಾಗಿ ತಿಳಿಸಲು ಪ್ರಯತ್ನಿಸಿದ್ದೇವೆ. ದಯವಿಟ್ಟು ಪೂರ್ತಿ ಓದಿ, ಓದಲು ಬಾರದ ಮನೆಯವರಿಗೆ ಓದಿ ಹೇಳಿ.

ಇದು ಯಾವ ಕಾಮಾಲೆ?

ಕಾಮಾಲೆ ಎಂಬುದು ಒಂದೇ ರೋಗವಲ್ಲ. ಕಣ್ಣು, ಮೂತ್ರ ಹಳದಿಯಾಗುವುದಕ್ಕೆ ಹಲವು ಕಾರಣಗಳಿವೆ. ಹೊಲಸು ನೀರಿನಿಂದ ಬರುವ ಕಾಮಾಲೆ (ಹೆಪಟೈಟಿಸ್ ಎ ಮತ್ತು ಇ) ಬೇರೆ. ಹೆಪಟೈಟಿಸ್ ಬಿ ನೀರಿನಿಂದಾಗಲಿ, ಊಟದಿಂದಾಗಲಿ ಬರುವುದಿಲ್ಲ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಒಬ್ಬರಿಗೆ ಬಳಸಿದ ಸೂಜಿ ಅಥವಾ ಬ್ಲೇಡನ್ನು ಇನ್ನೊಬ್ಬರಿಗೆ ಬಳಸುವುದರಿಂದ, ಮತ್ತು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಇದು ಸೇರುವ ಜಾಗ ಯಕೃತ್ತು, ಅಂದರೆ ನಾವು ಲಿವರ್ ಎನ್ನುವ ಅಂಗ.

ಹುಟ್ಟಿದ ಎರಡು ಮೂರನೆಯ ದಿನ ಅನೇಕ ಕೂಸುಗಳ ಮೈ ಹಳದಿಯಾಗುತ್ತದೆ. ಅದನ್ನು ನೋಡಿ “ತಾಯಿಯ ಕಾಮಾಲೆ ಕೂಸಿಗೆ ಬಂತು” ಎಂದು ಹೆದರುವವರಿದ್ದಾರೆ. ಆ ಹಳದಿಗೂ ಹೆಪಟೈಟಿಸ್ ಬಿಗೂ ಸಂಬಂಧವಿಲ್ಲ. ಅದನ್ನು ವೈದ್ಯರಿಗೆ ತೋರಿಸಬೇಕು, ಆದರೆ ಅದರ ಕಾರಣ ಬೇರೆ. ಹೆಪಟೈಟಿಸ್ ಬಿ ಸೇರಿದ ಕೂಸಿನಲ್ಲಿ ಸಾಮಾನ್ಯವಾಗಿ ಯಾವ ಹಳದಿಯೂ ಕಾಣುವುದಿಲ್ಲ. ಕೂಸು ಹಾಲು ಕುಡಿಯುತ್ತದೆ, ನಗುತ್ತದೆ, ತೂಕ ಏರುತ್ತದೆ. ಹೊರಗೆ ಏನೂ ಕಾಣದೆ ಇರುವುದೇ ಈ ರೋಗದ ಮೋಸ.

ತಾಯಿಯಿಂದ ಮಗುವಿಗೆ ಯಾವಾಗ ಬರುತ್ತದೆ?

ಒಂಬತ್ತು ತಿಂಗಳು ತಾಯಿಯ ರಕ್ತ ಮತ್ತು ಮಗುವಿನ ರಕ್ತ ನೇರವಾಗಿ ಬೆರೆಯುವುದಿಲ್ಲ. ನಡುವೆ ಮಾಸು ಗೋಡೆಯಂತೆ ಇರುತ್ತದೆ. ಹೀಗಾಗಿ ಗರ್ಭದೊಳಗೇ ಸೋಂಕು ತಗಲುವುದು ಕಡಿಮೆ. ಹೆಚ್ಚಿನ ಮಕ್ಕಳಿಗೆ ಸೋಂಕು ತಗಲುವುದು ಹೆರಿಗೆಯ ಸಮಯದಲ್ಲಿ, ತಾಯಿಯ ರಕ್ತ ಮತ್ತು ದ್ರವ ಮಗುವಿನ ಮೈಗೆ, ಬಾಯಿಗೆ, ಕಣ್ಣಿಗೆ ಸೋಕಿದಾಗ. ಈ ಕಾರಣದಿಂದಲೇ ಹುಟ್ಟಿದ ಕೂಡಲೇ ಕೊಡುವ ಸೂಜಿಗೆ ಕೆಲಸ ಮಾಡಲು ಅವಕಾಶ ಉಳಿದಿರುತ್ತದೆ.

ಎಲ್ಲ ತಾಯಂದಿರಿಂದಲೂ ಒಂದೇ ಪ್ರಮಾಣದಲ್ಲಿ ಹರಡುವುದಿಲ್ಲ. ‘ಎಚ್‌ಬಿಇಎಜಿ’ ಎಂಬ ಇನ್ನೊಂದು ಪರೀಕ್ಷೆಯೂ ಪಾಸಿಟಿವ್ ಇದ್ದರೆ ರಕ್ತದಲ್ಲಿ ವೈರಾಣು ಬಹಳ ಇದೆ ಎಂದು ತಿಳಿಯಬೇಕು. ಅಂಥ ತಾಯಿಯ ಮಗುವಿಗೆ ಯಾವ ರಕ್ಷಣೆಯನ್ನೂ ಕೊಡದಿದ್ದರೆ 100ರಲ್ಲಿ 70ರಿಂದ 90 ಮಕ್ಕಳಿಗೆ ಸೋಂಕು ತಗಲುತ್ತದೆ. ಆ ಪರೀಕ್ಷೆ ನೆಗೆಟಿವ್ ಇದ್ದರೆ ಅಪಾಯ ಅದಕ್ಕಿಂತ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದ್ದರಿಂದ ಇಬ್ಬರು ತಾಯಂದಿರ ಮಕ್ಕಳಿಗೂ ರಕ್ಷಣೆ ಬೇಕು.

ಕೂಸಿನ ದೇಹ ಏಕೆ ಸುಮ್ಮನಿರುತ್ತದೆ?

ಇಲ್ಲಿ ಒಂದು ವಿಚಿತ್ರ ಸಂಗತಿ ಇದೆ. ದೊಡ್ಡವರಿಗೆ ಹೆಪಟೈಟಿಸ್ ಬಿ ತಗಲಿದರೆ 100ರಲ್ಲಿ 95ಕ್ಕೂ ಹೆಚ್ಚು ಜನರ ದೇಹ ಕೆಲವೇ ತಿಂಗಳಲ್ಲಿ ವೈರಾಣುವನ್ನು ಹೊರಹಾಕುತ್ತದೆ. ಹುಟ್ಟುವಾಗ ತಗಲಿದ ಕೂಸುಗಳಲ್ಲಿ ಇದು ತಿರುಗುಮುರುಗು. 100ರಲ್ಲಿ ಸುಮಾರು 90 ಮಕ್ಕಳಲ್ಲಿ ವೈರಾಣು ಜೀವನಪೂರ್ತಿ ಉಳಿದುಬಿಡುತ್ತದೆ. ವೈರಾಣು ಅದೇ, ಆದರೆ ವಯಸ್ಸು ಬೇರೆಯಾದ್ದರಿಂದ ಫಲ ಬೇರೆ.

ಈ ವೈರಾಣು ತಾನಾಗಿ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುವುದಿಲ್ಲ, ಒಳಗೆ ಕುಳಿತು ಮರಿ ಮಾಡುತ್ತದೆ. ದೊಡ್ಡವರಲ್ಲಿ ದೇಹದ ಕಾವಲು ಕಣಗಳು ಸೋಂಕು ಹೊಕ್ಕ ಜೀವಕೋಶಗಳನ್ನು ಗುರುತಿಸಿ ದಾಳಿ ಮಾಡುತ್ತವೆ. ಆ ಜಗಳದಿಂದಲೇ ಯಕೃತ್ತು ಊದಿಕೊಂಡು ಕಣ್ಣು ಹಳದಿಯಾಗುತ್ತದೆ. ಅಂದರೆ ದೊಡ್ಡವರಲ್ಲಿ ಕಾಣುವ ಕಾಮಾಲೆ ದೇಹ ಹೋರಾಡುತ್ತಿದೆ ಎಂಬುದರ ಗುರುತು. ಕೂಸಿನಲ್ಲಿ ಜಗಳವೇ ಆಗುವುದಿಲ್ಲ. ಅದಕ್ಕೇ ಕಾಮಾಲೆಯೂ ಕಾಣುವುದಿಲ್ಲ, ವೈರಾಣುವೂ ಹೋಗುವುದಿಲ್ಲ.

ಜಗಳ ಏಕೆ ಆಗುವುದಿಲ್ಲ? ಹೊಸದಾಗಿ ಹುಟ್ಟಿದ ಮಗುವಿನ ಕಾವಲು ಕಣಗಳು ಇನ್ನೂ ಕಲಿಯುವ ಹಂತದಲ್ಲಿರುತ್ತವೆ. ‘ಇದು ನನ್ನದು, ಇದು ಹೊರಗಿನದು’ ಎಂದು ಬೇರ್ಪಡಿಸುವ ಪಾಠ ಆಗತಾನೆ ನಡೆದಿರುತ್ತದೆ. ಹುಟ್ಟಿದಾಗಿನಿಂದ ಮನೆಯಲ್ಲೇ ಇದ್ದವನನ್ನು ಯಾರು ಕಳ್ಳ ಎಂದು ಹಿಡಿಯುತ್ತಾರೆ? ವೈರಾಣುವೂ ಹಾಗೆಯೇ ಮನೆಮಂದಿಯಲ್ಲಿ ಒಬ್ಬನಾಗಿ ಸೇರಿಕೊಳ್ಳುತ್ತದೆ. ಮೇಲೆ ಹೇಳಿದ ಎಚ್‌ಬಿಇಎಜಿ ಎಂಬ ಅಂಶ ಮಾಸು ದಾಟಿ ಮಗುವನ್ನು ಮೊದಲೇ ಮುಟ್ಟಬಲ್ಲದು. ಅದರಿಂದ ಮಗುವಿನ ಕಾವಲು ಮತ್ತಷ್ಟು ಸಡಿಲವಾಗುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಹೀಗೆ ಸದ್ದಿಲ್ಲದೆ ಉಳಿದ ವೈರಾಣು 20–30 ವರ್ಷಗಳ ನಂತರ ತೊಂದರೆ ಕೊಡಬಹುದು. ದೇಹ ತಡವಾಗಿ ಎಚ್ಚೆತ್ತು ಜಗಳ ಶುರುವಾಗಿ ಯಕೃತ್ತು ಗಟ್ಟಿಯಾಗುವುದು (ಸಿರೋಸಿಸ್), ಹೊಟ್ಟೆಯಲ್ಲಿ ನೀರು ತುಂಬುವುದು, ಯಕೃತ್ತಿನ ಕ್ಯಾನ್ಸರ್ ಬರುವುದು ಉಂಟು. ಎಳವೆಯಲ್ಲಿ ಸೋಂಕು ತಗಲಿ ಚಿಕಿತ್ಸೆ ಇಲ್ಲದೆ ಉಳಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ತನಕ ಈ ಕಾಯಿಲೆಗಳಿಂದ ಅಕಾಲದಲ್ಲಿ ಸಾಯುತ್ತಾರೆ. ಮನೆಯಲ್ಲಿ ದುಡಿಯುವ ವಯಸ್ಸಿಗೆ ಬಂದ ಮೇಲೆ ಹೀಗಾಗುತ್ತದೆ ಎಂಬುದೇ ದುಃಖದ ಮಾತು.

ತಾಯಿಯ ಪ್ರತಿಕಾಯ ಕಾಪಾಡುವುದಿಲ್ಲವೇ?

ಬಹಳ ರೋಗಗಳ ವಿರುದ್ಧ ತಾಯಿ ತನ್ನ ಪ್ರತಿಕಾಯಗಳನ್ನು ಮಾಸಿನ ಮೂಲಕ ಮಗುವಿಗೆ ಕೊಟ್ಟು ಕಳಿಸುತ್ತಾಳೆ. ದಡಾರದಂಥ ರೋಗಗಳಿಂದ ಕೂಸು ಮೊದಲ ಕೆಲವು ತಿಂಗಳು ಉಳಿಯುವುದು ಆ ಬುತ್ತಿಯಿಂದಲೇ. ಹೆಪಟೈಟಿಸ್ ಬಿ ಇರುವ ತಾಯಿಯೂ ಬುತ್ತಿ ಕಟ್ಟುತ್ತಾಳೆ, ಆದರೆ ಅದರಲ್ಲಿ ಬೇಕಾದ್ದು ಇರುವುದಿಲ್ಲ. ಈ ವೈರಾಣುವಿಗೆ ಒಂದು ಹೊರ ಹೊದಿಕೆ, ಒಳಗೆ ಒಂದು ತಿರುಳು ಇದೆ. ರಕ್ಷಣೆ ಕೊಡುವುದು ಹೊರ ಹೊದಿಕೆಯ ವಿರುದ್ಧದ ಪ್ರತಿಕಾಯ. ಸೋಂಕು ಉಳಿದ ತಾಯಿಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ತಿರುಳಿನ ವಿರುದ್ಧದ ಪ್ರತಿಕಾಯ ಮಾತ್ರ ಇರುತ್ತದೆ. ಅದು ಮಗುವಿಗೆ ದಾಟುತ್ತದೆ, ಆದರೆ ಕಾಪಾಡುವುದಿಲ್ಲ. ಆದುದರಿಂದ ಬೇಕಾದ ಪ್ರತಿಕಾಯವನ್ನು ನಾವು ಹೊರಗಿನಿಂದ ಕೊಡಬೇಕು.

ಲಸಿಕೆಗೆ ಅದೇ ಕೂಸು ಹೇಗೆ ಎಚ್ಚರಗೊಳ್ಳುತ್ತದೆ?

“ವೈರಾಣು ಬಂದರೇ ಸುಮ್ಮನಿರುವ ಕೂಸು ಲಸಿಕೆಗೆ ಏನು ಮಾಡೀತು?” ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕೂಸಿನ ರೋಗನಿರೋಧಕ ಶಕ್ತಿ ದುರ್ಬಲ ಎಂಬ ಮಾತು ಅರ್ಧ ಸತ್ಯ. ಸರಿಯಾಗಿ ಪರಿಚಯ ಮಾಡಿಕೊಟ್ಟರೆ ಅದು ಚೆನ್ನಾಗಿ ಕಲಿಯುತ್ತದೆ. ಎಲ್ಲ ಡೋಸ್ ಪೂರ್ತಿಯಾದ ಮಕ್ಕಳಲ್ಲಿ 100ರಲ್ಲಿ 95ಕ್ಕೂ ಹೆಚ್ಚು ಮಕ್ಕಳ ದೇಹ ಸಾಕಷ್ಟು ಪ್ರತಿಕಾಯ ತಯಾರಿಸುತ್ತದೆ.

ಲಸಿಕೆಯಲ್ಲಿ ವೈರಾಣು ಇರುವುದಿಲ್ಲ, ಅದರ ಹೊರ ಹೊದಿಕೆಯ ಪ್ರೋಟೀನ್ ಮಾತ್ರ ಇರುತ್ತದೆ. ಅದನ್ನೂ ರಕ್ತದಿಂದ ತೆಗೆದಿರುವುದಿಲ್ಲ, ಯೀಸ್ಟ್‌ನಲ್ಲಿ ಬೆಳೆಸಿರುತ್ತಾರೆ. ಕಳ್ಳನ ಅಂಗಿಯನ್ನು ಮಾತ್ರ ಕಾವಲುಗಾರನಿಗೆ ತೋರಿಸಿ, “ಈ ಅಂಗಿಯವನು ಬಂದರೆ ಒಳಗೆ ಬಿಡಬೇಡ” ಎಂದು ಹೇಳಿದ ಹಾಗೆ. ಯಕೃತ್ತಿನಲ್ಲಿ ಮೆತ್ತಗೆ ಸೇರಿಕೊಳ್ಳುವ ವೈರಾಣುವಿನ ಹಾಗಲ್ಲದೆ, ಲಸಿಕೆ ತೊಡೆಯ ಸ್ನಾಯುವಿಗೆ ಹೋಗುತ್ತದೆ. ಅದರ ಜೊತೆಗಿರುವ ಅಲ್ಯುಮಿನಿಯಂ ಲವಣ ಕಾವಲು ಕಣಗಳನ್ನು ಆ ಜಾಗಕ್ಕೆ ಕರೆಯುತ್ತದೆ. ಅವು ಹೊದಿಕೆಯ ಗುರುತು ಹಿಡಿದು ಪ್ರತಿಕಾಯ ತಯಾರಿಸಲು ಕಲಿಯುತ್ತವೆ, ನೆನಪನ್ನೂ ಇಟ್ಟುಕೊಳ್ಳುತ್ತವೆ.

ಇದಕ್ಕೆ ಸಮಯ ಬೇಕು. ಅದೃಷ್ಟಕ್ಕೆ ಈ ವೈರಾಣು ನಿಧಾನ. ದೇಹ ಸೇರಿದ ಮೇಲೆ ರೋಗ ಕಾಣಿಸಿಕೊಳ್ಳಲು ಸುಮಾರು 60ರಿಂದ 150 ದಿನ ಬೇಕು. ಮೊದಲ ದಿನವೇ ಲಸಿಕೆ ಕೊಟ್ಟರೆ ವೈರಾಣು ಬೇರೂರುವ ಮೊದಲೇ ಕೂಸಿನ ಪ್ರತಿಕಾಯ ತಯಾರಾಗಬಹುದು. ತಡವಾದಷ್ಟೂ ವೈರಾಣು ಮುಂದೆ ಹೋಗುತ್ತದೆ. ಒಮ್ಮೆ ಅದು ಮನೆಮಂದಿಯಂತೆ ಸೇರಿಕೊಂಡ ಮೇಲೆ ಲಸಿಕೆ ಅದನ್ನು ಹೊರಹಾಕಲಾರದು. 24 ಗಂಟೆಯ ಗುಟ್ಟು ಇಷ್ಟೇ.

ಎರಡು ತೊಡೆಗೆ ಎರಡು ಸೂಜಿ

ಪಾಸಿಟಿವ್ ತಾಯಿಯ ಮಗುವಿಗೆ ಎರಡು ಸೂಜಿ ಬೇಕು.

ಮೊದಲನೆಯದು ಹೆಪಟೈಟಿಸ್ ಬಿ ಲಸಿಕೆಯ ಜನನ ಡೋಸ್. ಇದು ಎಲ್ಲ ಮಕ್ಕಳಿಗೂ ಉಂಟು, ತಾಯಿ ನೆಗೆಟಿವ್ ಇದ್ದರೂ ಉಂಟು. ಹುಟ್ಟಿದ 24 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ, ಅರ್ಧ ಮಿಲಿ ಲೀಟರ್ ತೊಡೆಗೆ.

ಎರಡನೆಯದು ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್. ಇದು ಪಾಸಿಟಿವ್ ತಾಯಿಯ ಮಗುವಿಗೆ ಮಾತ್ರ. ಇದೂ ಅರ್ಧ ಮಿಲಿ ಲೀಟರ್, ಇನ್ನೊಂದು ತೊಡೆಗೆ, ಸಾಧ್ಯವಾದರೆ 12 ಗಂಟೆಯೊಳಗೆ. ಇದರಲ್ಲಿ ಇರುವುದು ತಯಾರಾದ ಪ್ರತಿಕಾಯ. ಕೂಸಿನ ಸ್ವಂತ ಕಾವಲು ಕಲಿಯುವ ತನಕ ಬಾಡಿಗೆಗೆ ತಂದ ಕಾವಲುಗಾರ ಎಂದುಕೊಳ್ಳಿ. ಬಂದ ಕೂಡಲೇ ಕೆಲಸ ಶುರು ಮಾಡುತ್ತಾನೆ, ಆದರೆ ಕೆಲವು ತಿಂಗಳಲ್ಲಿ ಹೊರಟುಹೋಗುತ್ತಾನೆ. ಆದ್ದರಿಂದ “ದುಬಾರಿ ಸೂಜಿ ಹಾಕಿಸಿದ್ದೇವೆ, ಲಸಿಕೆ ಯಾಕೆ?” ಎನ್ನಬಾರದು. ಎರಡೂ ಬೇಕು.

ಇವೆರಡನ್ನೂ ಸಮಯಕ್ಕೆ ಕೊಟ್ಟು ಮುಂದಿನ ಡೋಸ್‌ಗಳನ್ನೂ ಪೂರೈಸಿದರೆ 100ರಲ್ಲಿ 85ರಿಂದ 95 ಸೋಂಕನ್ನು ತಡೆಯಬಹುದು.

ಮೊದಲ ದಿನ ಮಗುವಿಗೆ ಬಿಸಿಜಿ ಸೂಜಿ, ಪೋಲಿಯೊ ಹನಿ, ವಿಟಮಿನ್ ಕೆ ಸೂಜಿ ಕೂಡ ಇರುತ್ತವೆ. “ಸೂಜಿ ಹಾಕಿದ್ದಾರೆ” ಎಂದರೆ ಯಾವುದು ಎಂದು ಕೇಳಿ. ಕಾರ್ಡಿನಲ್ಲಿ ಹೆಪಟೈಟಿಸ್ ಬಿ ಜನನ ಡೋಸ್ ಎಂದು ದಿನಾಂಕ, ಗಂಟೆ ಸಹಿತ ಬರೆಸಿಕೊಳ್ಳಿ. ಭಾನುವಾರ, ಹಬ್ಬ, ನಡುರಾತ್ರಿ ಯಾವುದೇ ಆದರೂ ಸೂಜಿ ನಾಳೆಗೆ ಎಂದು ಬಿಡಬೇಡಿ. ಸರ್ಕಾರಿ ಲಸಿಕೆಯ ಬಾಟಲಿಯಲ್ಲಿ 10 ಡೋಸ್ ಇರುತ್ತದೆ. ಹತ್ತು ಮಕ್ಕಳು ಸೇರಲಿ ಎಂದು ಕಾಯಬೇಕಿಲ್ಲ, ಒಂದೇ ಕೂಸಿಗೂ ತೆರೆಯಬಹುದು. ನಿಯಮದಂತೆ ತಂಪಿನಲ್ಲಿಟ್ಟರೆ ಉಳಿದದ್ದನ್ನು 28 ದಿನಗಳ ತನಕ ಬಳಸಬಹುದು.

ಮನೆಯಲ್ಲಿ ಅಥವಾ ದಾರಿಯಲ್ಲಿ ಹೆರಿಗೆಯಾಗಿದ್ದರೆ ಕೂಸನ್ನು ಅದೇ ದಿನ ಕರೆತನ್ನಿ. 24 ಗಂಟೆ ಮೀರಿದೆ ಎಂದು ಕೈಬಿಡಬೇಡಿ. ತಡವಾದ ಡೋಸ್‌ಗೂ ಪ್ರಯೋಜನ ಉಂಟು, ಆದರೆ ದಿನ ಕಳೆದಂತೆ ಅದು ಕಡಿಮೆಯಾಗುತ್ತದೆ.

ಮುಂದಿನ ಡೋಸ್‌ಗಳು

ಜನನ ಡೋಸ್ ಪಾಠದ ಮೊದಲ ದಿನ ಮಾತ್ರ. ಪಾಠ ಗಟ್ಟಿಯಾಗಲು ಮತ್ತೆ ಮತ್ತೆ ಹೇಳಬೇಕು. ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳಿಗೆ (6, 10, 14 ವಾರ) ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಕೂಡ ಸೇರಿದೆ. ಈ ಮೂರನ್ನೂ ತಪ್ಪಿಸಬೇಡಿ. ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೂ, ತಾಯಿ ಪಾಸಿಟಿವ್ ಇದ್ದರೆ, ಮೊದಲ ದಿನದ ಸೂಜಿಗಳು ಬೇಕೇ ಬೇಕು. ಅಂಥ ಕೂಸಿನ ಜನನ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಮುಂದಿನ ಮೂರೂ ಡೋಸ್ ಇನ್ನಷ್ಟು ಮುಖ್ಯ.

ರಕ್ಷಣೆ ಸಿಕ್ಕಿದೆಯೇ? ಪರೀಕ್ಷೆ ಯಾವಾಗ?

ಇಷ್ಟೆಲ್ಲ ಮಾಡಿದ ಮೇಲೂ ಹೆಚ್ಚಿನ ಮನೆಗಳಲ್ಲಿ ಮರೆಯುವುದು ಇದನ್ನೇ. ಮಗು 9ರಿಂದ 12 ತಿಂಗಳು ಇರುವಾಗ ಎರಡು ರಕ್ತ ಪರೀಕ್ಷೆ ಮಾಡಿಸಬೇಕು. ಒಂದು ಎಚ್‌ಬಿಎಸ್‌ಎಜಿ, ಅಂದರೆ ವೈರಾಣು ಇದೆಯೇ ಎಂದು. ಇನ್ನೊಂದು ಹೊದಿಕೆಯ ವಿರುದ್ಧ ಪ್ರತಿಕಾಯ ಎಷ್ಟಿದೆ ಎಂದು. ದಡಾರ ಲಸಿಕೆಗೆ ಒಂಬತ್ತು ತಿಂಗಳಿಗೆ ಬರುತ್ತೀರಲ್ಲ, ಅದೇ ಹೊತ್ತಿಗೆ ನೆನಪಿಸಿದರೆ ಆಯಿತು.

ಅದಕ್ಕೂ ಮೊದಲು ಏಕೆ ಬೇಡ? ಬಾಡಿಗೆ ಕಾವಲುಗಾರನ ಪ್ರತಿಕಾಯ ಇನ್ನೂ ರಕ್ತದಲ್ಲಿ ಇದ್ದರೆ ಮಗುವಿನದೇ ಎಂದು ತಪ್ಪು ತಿಳಿಯಬಹುದು. ತಾಯಿಯಿಂದ ಬಂದ ತಿರುಳಿನ ಪ್ರತಿಕಾಯವಂತೂ ಒಂದೂವರೆ ಎರಡು ವರ್ಷದ ತನಕ ಉಳಿಯಬಹುದು. ಅದೊಂದನ್ನೇ ನೋಡಿ ಮಗುವಿಗೆ ರೋಗವಿದೆ ಎಂದು ಹೇಳುವಂತಿಲ್ಲ.

ವೈರಾಣು ಇಲ್ಲದೆ ಪ್ರತಿಕಾಯ 10 ಯೂನಿಟ್ ಅಥವಾ ಹೆಚ್ಚಿದ್ದರೆ ಮಗು ಸುರಕ್ಷಿತ. ವೈರಾಣುವೂ ಇಲ್ಲ, ಪ್ರತಿಕಾಯವೂ ಕಡಿಮೆ ಎಂದಾದರೆ ವೈದ್ಯರು ಮತ್ತೆ ಲಸಿಕೆ ಕೊಡುತ್ತಾರೆ. ವೈರಾಣು ಇದ್ದರೆ ಎದೆಗುಂದಬೇಡಿ. ಮಗು ಓದಬಹುದು, ಆಡಬಹುದು, ದೊಡ್ಡವರಾಗಿ ಮದುವೆಯಾಗಬಹುದು. ಆದರೆ ವರ್ಷಕ್ಕೆ ಒಂದೆರಡು ಸಲ ತಪ್ಪದೆ ತಪಾಸಣೆ ಬೇಕು. ಮದ್ದು ಬೇಕಾದಾಗ ಸಿಗುತ್ತದೆ.

ಬಸುರಿನಲ್ಲೇ ಮಾಡಬೇಕಾದ್ದು

ಎರಡು ಸೂಜಿ ಕೊಟ್ಟರೂ ಕೆಲವು ಮಕ್ಕಳಿಗೆ ಸೋಂಕು ತಗಲುವುದು ಹೆಚ್ಚಾಗಿ ತಾಯಿಯ ರಕ್ತದಲ್ಲಿ ವೈರಾಣು ಅತಿಯಾಗಿ ಇದ್ದಾಗ. ಅಂಥ ತಾಯಿಗೆ ಬಸುರಿನಲ್ಲೇ ಟೆನೊಫೊವಿರ್ ಮಾತ್ರೆ ಕೊಟ್ಟು ವೈರಾಣುವನ್ನು ಇಳಿಸುತ್ತಾರೆ. ಒಂದು ಮಿಲಿ ಲೀಟರ್ ರಕ್ತದಲ್ಲಿ 2 ಲಕ್ಷ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ವೈರಾಣು ಇದ್ದರೆ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ವೈರಾಣು ಎಣಿಸುವ ಪರೀಕ್ಷೆ ಸಿಗದ ಕಡೆ ಪಾಸಿಟಿವ್ ತಾಯಂದಿರೆಲ್ಲರಿಗೂ ಕೊಡಬಹುದೆಂದು 2024ರಲ್ಲಿ ಸೂಚಿಸಿತು. ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ, ನೀವಾಗಿ ಬಿಡಲೂ ಬೇಡಿ. ಹೆಪಟೈಟಿಸ್ ಬಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಎದೆಹಾಲು ಕೊಡಿ. ಮೊದಲ ಹಾಲನ್ನು ಚೆಲ್ಲಬೇಡಿ. ಎದೆಹಾಲಿನಿಂದ ಅಪಾಯ ಹೆಚ್ಚುವುದಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ನಮಗೆ ತೋರಿಸಿ.

ತಾಯಿಯನ್ನು ದೂರಬೇಡಿ

ಈ ಫಲಿತಾಂಶ ಬಂದ ಮನೆಗಳಲ್ಲಿ ಸೊಸೆಯ ತಟ್ಟೆ, ಲೋಟ ಬೇರೆ ಇಡುವುದು, ತವರಿನವರನ್ನು ಬೈಯುವುದು, ನಡತೆಯ ಮಾತೆತ್ತುವುದು ನಡೆಯುತ್ತದೆ. ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ದೊಡ್ಡವರಾದ ಮೇಲೆ ಸೋಂಕು ತಗಲಿದರೆ 100ರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಅದು ಉಳಿಯುತ್ತದೆ. ಎಳೆಯ ಮಕ್ಕಳಿಗೆ ತಗಲಿದರೆ ಬಹುಪಾಲು ಉಳಿದುಬಿಡುತ್ತದೆ. ಅಂದರೆ ಇಂದು ಪಾಸಿಟಿವ್ ಎಂದು ಬಂದ ಹೆಣ್ಣುಮಗಳಿಗೆ ಅದು ಬಹುಮಟ್ಟಿಗೆ ತಾನು ಹುಟ್ಟುವಾಗಲೋ, ತೀರ ಚಿಕ್ಕಂದಿನಲ್ಲೋ ತಗಲಿರುತ್ತದೆ.

ಅವಳಿಗೆ ಆಗ ಲಸಿಕೆ ಏಕೆ ಸಿಗಲಿಲ್ಲ? ಭಾರತದಲ್ಲೇ ತಯಾರಾದ ಮೊದಲ ಹೊಸ ರೀತಿಯ ಹೆಪಟೈಟಿಸ್ ಬಿ ಲಸಿಕೆ ನಮ್ಮ ಪಕ್ಕದ ಹೈದರಾಬಾದಿನಿಂದ 1997ರಲ್ಲಿ ಬಂತು. ಅಲ್ಲಿಯ ತನಕ ಹೊರದೇಶದ ಲಸಿಕೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಸರ್ಕಾರ ಇದನ್ನು 2002–03ರಲ್ಲಿ ಕೆಲವೆಡೆ ಪ್ರಯೋಗಕ್ಕೆ ತಂದು, 2007–08ರಲ್ಲಿ ಹತ್ತು ರಾಜ್ಯಗಳಿಗೆ ವಿಸ್ತರಿಸಿದಾಗ ಕರ್ನಾಟಕವೂ ಸೇರಿತು. 2011–12ರಲ್ಲಿ ಇಡೀ ದೇಶಕ್ಕೆ ಬಂತು. ಇಂದು ಹೆರಿಗೆಗೆ ಬರುವ ಹೆಚ್ಚಿನ ತಾಯಂದಿರು ಅದಕ್ಕೂ ಮೊದಲು ಹುಟ್ಟಿದವರು. ಅವರಿಗೆ ಸಿಗದೆ ಹೋದದ್ದು ಅವರ ಮಕ್ಕಳಿಗೆ ಸಿಗಲಿ ಎಂಬುದೇ ನಾವು ನೋಡಬೇಕಾದ ಮಾತು. ದೂರಿನಿಂದ ಯಾವ ಕೂಸೂ ಉಳಿಯುವುದಿಲ್ಲ.

ಒಟ್ಟಿಗೆ ಉಣ್ಣುವುದು, ಅಪ್ಪಿಕೊಳ್ಳುವುದು, ಒಂದೇ ಲೋಟದಲ್ಲಿ ನೀರು ಕುಡಿಯುವುದು ಇವುಗಳಿಂದ ಈ ರೋಗ ಬರುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್, ಸೂಜಿ ಹಂಚಿಕೊಳ್ಳಬಾರದು. ಕಿವಿ ಚುಚ್ಚಿಸುವಾಗ ಹೊಸ ಸೂಜಿ, ಜವಳ ತೆಗೆಸುವಾಗ ಹೊಸ ಬ್ಲೇಡು ಕೇಳಿ ಪಡೆಯಿರಿ. ಗಂಡನಿಗೆ, ಮೊದಲ ಮಕ್ಕಳಿಗೆ ಪರೀಕ್ಷೆ ಮಾಡಿಸಿ, ಇಲ್ಲದವರಿಗೆ ಲಸಿಕೆ ಹಾಕಿಸಿ. ಬರೆ ಹಾಕಿಸುವುದರಿಂದ, ಕಣ್ಣಿಗೆ ಮೂಗಿಗೆ ರಸ ಬಿಡಿಸುವುದರಿಂದ ಈ ವೈರಾಣು ಹೋಗುವುದಿಲ್ಲ.

ತೈವಾನ್ ದೇಶದಲ್ಲಿ 1984ರಲ್ಲಿ ಮೊದಲು ಪಾಸಿಟಿವ್ ತಾಯಂದಿರ ಕೂಸುಗಳಿಗೆ, ನಂತರ ಎಲ್ಲ ಕೂಸುಗಳಿಗೆ ಲಸಿಕೆ ಶುರು ಮಾಡಿದರು. ಆಗ ಅಲ್ಲಿ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಈ ವೈರಾಣು ಇತ್ತು. ಒಂದು ತಲೆಮಾರಿನೊಳಗೆ ಅದು ಒಂದಕ್ಕಿಂತ ಕೆಳಗಿಳಿಯಿತು. ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಕೂಡ ಕಡಿಮೆಯಾಯಿತು. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದನ್ನು ಇಳಿಸುವ ದಾರಿ ಹೆರಿಗೆ ಕೋಣೆಯಲ್ಲೇ ಶುರುವಾಗುತ್ತದೆ.

ತವರಿಗೆ ಹೊರಡುವ ಮುನ್ನ

ನಮ್ಮ ಭಾಗದಲ್ಲಿ ತಪಾಸಣೆ ಒಂದು ಊರಿನಲ್ಲಿ, ಹೆರಿಗೆ ಇನ್ನೊಂದು ಊರಿನಲ್ಲಿ ಆಗುವುದು ಸಾಮಾನ್ಯ. ತೋರಣಗಲ್ಲಿನಲ್ಲಿ ರಕ್ತ ಕೊಟ್ಟವರು ಏಳನೆಯ ತಿಂಗಳಿಗೆ ಕಂಪ್ಲಿಗೋ, ಸಂಡೂರಿನ ಹಳ್ಳಿಗೋ ತವರಿಗೆ ಹೋಗುತ್ತಾರೆ. ಕಾರ್ಖಾನೆ ಕೆಲಸಕ್ಕೆ ಬಂದ ಹೊರರಾಜ್ಯದ ಕುಟುಂಬದವರು ರೈಲು ಹತ್ತಿ ತಮ್ಮ ಊರಿಗೆ ಹೋಗುತ್ತಾರೆ. ಫಲಿತಾಂಶದ ಚೀಟಿ ಮಾತ್ರ ಗಂಡನ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. ಹೆರಿಗೆ ಮಾಡಿಸುವವರಿಗೆ ವಿಷಯ ತಿಳಿಯದಿದ್ದರೆ ಎರಡನೆಯ ಸೂಜಿ ತಪ್ಪಿಹೋಗುತ್ತದೆ. ಆದ್ದರಿಂದ:

1. ಎಚ್‌ಬಿಎಸ್‌ಎಜಿ ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಕಾರ್ಡು ಸದಾ ಜೊತೆಗಿರಲಿ.

2. ಹೆರಿಗೆಯಾಗುವ ಆಸ್ಪತ್ರೆಗೆ ಎಂಟನೆಯ ತಿಂಗಳಲ್ಲೇ ಹೋಗಿ ಇಮ್ಯುನೊಗ್ಲಾಬ್ಯುಲಿನ್ ಇದೆಯೇ ಎಂದು ಕೇಳಿ. ಅದು ಎಲ್ಲ ಆಸ್ಪತ್ರೆಯ ಫ್ರಿಜ್‌ನಲ್ಲೂ ಸದಾ ಇರುವುದಿಲ್ಲ. ಮೊದಲೇ ಹೇಳಿದರೆ ತರಿಸಿ ಇಡಬಹುದು.

3. ನೋವು ಶುರುವಾಗಿ ಬಂದ ಕೂಡಲೇ ಕರ್ತವ್ಯದಲ್ಲಿರುವ ಸಿಸ್ಟರ್‌ಗೆ ಹೇಳಿ. ನಾಚಿಕೆ ಬೇಡ. ಗುಟ್ಟಾಗಿ ಹೇಳಬೇಕೆಂದರೆ ಹಾಗೆಯೇ ಹೇಳಿ, ನಾವು ಬೇರೆಯವರಿಗೆ ತಿಳಿಸುವುದಿಲ್ಲ.

4. ಮಗುವಿನ ಕಾರ್ಡಿನಲ್ಲಿ ಎರಡೂ ಸೂಜಿಗಳನ್ನು ಬರೆಸಿ. 6, 10, 14 ವಾರದ ದಿನಾಂಕಗಳನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ.

5. ಒಂಬತ್ತು ತಿಂಗಳಿಗೆ ಮಗುವಿನ ರಕ್ತ ಪರೀಕ್ಷೆ. ಹೆರಿಗೆಯ ನಂತರ ತಾಯಿಯೂ ತನ್ನ ಯಕೃತ್ತಿನ ತಪಾಸಣೆ ಮುಂದುವರಿಸಬೇಕು.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಮತ್ತು ಪಾಸಿಟಿವ್ ತಾಯಿಯ ಕೂಸಿಗೆ ಇಮ್ಯುನೊಗ್ಲಾಬ್ಯುಲಿನ್ ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ, ಅಥವಾ ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ಹಣದ ಚಿಂತೆಯಿಂದ ಸೂಜಿ ತಪ್ಪಿಸಬೇಡಿ.

ಸಂದೇಹವಿದ್ದರೆ ಹೊರರೋಗಿ ವಿಭಾಗದಲ್ಲಿ ಯಾವ ಸಿಸ್ಟರ್‌ನ್ನಾದರೂ ಕೇಳಿ. ಈ ಕರಪತ್ರವನ್ನು ತಾಯಿ ಕಾರ್ಡಿನೊಳಗೆ ಮಡಚಿ ಇಟ್ಟುಕೊಳ್ಳಿ, ಹೆರಿಗೆಗೆ ಬರುವಾಗ ತಪ್ಪದೆ ತನ್ನಿ.